ವಿಂಡ್ ರಿವರ್ ಚಾರಣಕ್ಕೆ ಹಗುರ ಹ್ಯಾಂಡ್‌ಗನ್: ಹೊತ್ತು ನಡೆದವರು ಹೇಳಿದ್ದು

ಪ್ರಶ್ನೆ, ಡೆನ್ವರ್‌ನಿಂದ

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಗೆ ವಯೋಮಿಂಗ್‌ನ ವಿಂಡ್ ರಿವರ್ ಬೆಟ್ಟಗಳಲ್ಲಿ ಐದು ದಿನದ ಚಾರಣ ಹೊರಟಿದ್ದೇವೆ. ನಾನು, ಹೆಂಡತಿ, ಅವಳ ತಮ್ಮ. ಪೈನ್‌ಡೇಲ್ ಹತ್ತಿರದ ಎಲ್ಕ್‌ಹಾರ್ಟ್ ಪಾರ್ಕ್‌ನಿಂದ ಹತ್ತಿ ಟಿಟ್‌ಕಂಬ್ ಬೇಸಿನ್ ನೋಡಿಕೊಂಡು ಬರುವ ಯೋಚನೆ. ಕೊಲೊರಾಡೊದಲ್ಲಿ ನಾಲ್ಕು ವರ್ಷದಿಂದ ಟೆಂಟ್ ಹೊತ್ತು ಸುತ್ತಿದ್ದೇವೆ. ಆದರೆ ಇಲ್ಲಿರುವುದು ಕಪ್ಪು ಕರಡಿ ಮಾತ್ರ, ಅಲ್ಲಿ ಗ್ರಿಜ್ಲಿ, ಅಂದರೆ ದೊಡ್ಡ ಕಂದು ಕರಡಿ ಇದೆ. ಅದೇ ನನ್ನ ನಿದ್ದೆ ಕೆಡಿಸಿರುವುದು.

ಹೋದ ವರ್ಷ ಗ್ರೀನ್ ಕಾರ್ಡ್ ಬಂತು, ಹಾಗಾಗಿ ಗನ್ ಕೊಳ್ಳಲು ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ. ಊಟ, ನೀರು ಬಿಟ್ಟರೆ ನನ್ನ ಚೀಲ ಆರೂವರೆ ಕೆ.ಜಿ. ಇದೆ, ಅದನ್ನು ಅಷ್ಟಕ್ಕೆ ಇಳಿಸಲು ಮೂರು ವರ್ಷ ಹಿಡಿಯಿತು. ಆದ್ದರಿಂದ ಅರ್ಧ ಕೆ.ಜಿ. ಒಳಗಿನದು ಬೇಕು. ರೂಗರ್ ಎಲ್‌ಸಿಆರ್ .38 ಅಥವಾ ಸ್ಮಿತ್ ಆ್ಯಂಡ್ ವೆಸನ್ 642, ಈ ಎರಡು ಚಿಕ್ಕ ರಿವಾಲ್ವರ್‌ಗಳಲ್ಲಿ ಯಾವುದು? ನಾನು ಇದುವರೆಗೆ ಗನ್ ಹಿಡಿದವನಲ್ಲ. ಹೆಂಡತಿಗೆ ಈ ಯೋಚನೆ ಸ್ವಲ್ಪವೂ ಇಷ್ಟವಿಲ್ಲ. ನಿಜವಾಗಿ ಹೊತ್ತು ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.


ಬೋಜ್‌ಮನ್, ಮೊಂಟಾನಾದಿಂದ

ನಾನು ಸಾಗರದ ಕಡೆಯವನು, ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ನೀವು ಕೇಳಿದ ದಾರಿಯಲ್ಲೇ ನಾನೂ ಬಂದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೀವು ಹೇಳಿದ ಎರಡು ರಿವಾಲ್ವರ್ ಬಗ್ಗೆ. ಎಲ್‌ಸಿಆರ್ .38 ಖಾಲಿ ತೂಕ ಹದಿಮೂರೂವರೆ ಔನ್ಸ್, ಅಂದರೆ 383 ಗ್ರಾಂ. 642 ಅದಕ್ಕಿಂತ ಒಂದು ಔನ್ಸ್ ಹೆಚ್ಚು. ಐದು ಗುಂಡು ತುಂಬಿದರೂ ಅರ್ಧ ಕೆ.ಜಿ. ದಾಟುವುದಿಲ್ಲ, ನಿಮ್ಮ ಲೆಕ್ಕ ಸರಿ. ಎರಡೂ ಒಳ್ಳೆಯ ಗನ್‌ಗಳೇ. ಆದರೆ ಅವು ಪೇಟೆಯಲ್ಲಿ ಜೇಬಿನಲ್ಲಿಟ್ಟುಕೊಳ್ಳಲು, ಮನುಷ್ಯನಿಂದ ರಕ್ಷಣೆಗೆ ಅಂತ ಮಾಡಿದವು. ಎರಡು ಇಂಚೂ ಇಲ್ಲದ ನಳಿಗೆ, ಐದೇ ಗುಂಡು. ಗ್ರಿಜ್ಲಿಯ ಭುಜದ ಮಾಂಸ, ಮೂಳೆ ದಾಟಿ ಒಳಗೆ ಹೋಗಬೇಕಾದರೆ ಗುಂಡಿಗೆ ಭಾರವೂ ಬೇಕು, ವೇಗವೂ ಬೇಕು. .38 ಅಳತೆಯ ಗುಂಡಿಗೆ ಅದು ಕಷ್ಟ.

ನಾನು ಮೊದಲು ಕೊಂಡದ್ದೂ ಅಂಥದ್ದೇ .38. ಚೀಲದ ಸೊಂಟಪಟ್ಟಿಯ ಜಿಪ್ ಜೇಬಿನಲ್ಲಿ ಇಟ್ಟುಕೊಂಡು ಎರಡು ಬೇಸಿಗೆ ನಡೆದೆ. ಆಮೇಲೆ ಒಂದು ದಿನ ಮನೆ ಹಿಂದಿನ ಅಂಗಳದಲ್ಲಿ, ಗುಂಡು ತೆಗೆದ ಗನ್ ಇಟ್ಟುಕೊಂಡು, ಗೆಳೆಯನ ಕೈಗೆ ಫೋನಿನ ಟೈಮರ್ ಕೊಟ್ಟು ನೋಡಿದೆ. ಜಿಪ್ ಎಳೆದು, ಕೈ ಹಾಕಿ, ಹೊರಗೆ ತೆಗೆದು ಎದುರಿಗೆ ಹಿಡಿಯಲು ಆರು ಸೆಕೆಂಡು ಬೇಕಾಯಿತು. ಗ್ರಿಜ್ಲಿ ಗಂಟೆಗೆ 35 ಮೈಲಿ ಓಡುತ್ತದೆ, ಸೆಕೆಂಡಿಗೆ ಹದಿನೈದು ಮೀಟರ್. ಪೊದೆಯಾಚೆ ಮೂವತ್ತು ಮೀಟರ್ ದೂರದಲ್ಲಿ ಎದ್ದ ಕರಡಿ ನನ್ನನ್ನು ಮುಟ್ಟಲು ಎರಡು ಸೆಕೆಂಡು ಸಾಕು. ಎರಡು ಬೇಸಿಗೆ ನಾನು ಹೊತ್ತದ್ದು ಬರೀ ಭಾರ ಅಂತ ಅವತ್ತು ಅರ್ಥವಾಯಿತು.

ಈಗ ನನ್ನ ಹತ್ತಿರ ಇರುವುದು 10 ಎಂಎಂ ಗುಂಡಿನ ಪಿಸ್ತೂಲು, ಗ್ಲಾಕ್ 20. ಹದಿನೈದು ಗುಂಡಿನ ಮ್ಯಾಗಜಿನ್ ತುಂಬಿದರೆ ಒಂದು ಕೆ.ಜಿ. ದಾಟುತ್ತದೆ. ಎದೆಗೆ ಕಟ್ಟುವ ಹೋಲ್‌ಸ್ಟರ್‌ನಲ್ಲಿ ಇಡುತ್ತೇನೆ. ಚೀಲದ ಸೊಂಟಪಟ್ಟಿ ಬಿಗಿದ ಮೇಲೆ ಸೊಂಟದಲ್ಲಿ ಗನ್ ಇಡಲು ಜಾಗವೇ ಇರುವುದಿಲ್ಲ, ಇಟ್ಟರೂ ಕೈ ಹೋಗುವುದಿಲ್ಲ. ಚೀಲ ಇಳಿಸಿ ನೀರಿಗೆ ಹೋದಾಗಲೂ ಎದೆಯದು ಮೈಮೇಲೇ ಇರುತ್ತದೆ. ಗುಂಡು ಹಾರ್ಡ್‌ಕಾಸ್ಟ್, ಅಂದರೆ ಅರಳಿಕೊಳ್ಳದ ಗಟ್ಟಿ ಸೀಸದ, ಚಪ್ಪಟೆ ಮೂತಿಯದು. ಮನೆಗೆ ಇಟ್ಟುಕೊಳ್ಳುವ, ಮೂತಿ ಪೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡು ಬೇಗ ಅರಳಿ ಮೇಲ್ಮೈಯಲ್ಲೇ ನಿಂತುಬಿಡುತ್ತದೆ. ಕಾಡಿಗೆ ಆಳಕ್ಕೆ ಇಳಿಯುವುದು ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಾನು ನಂಬಿರುವುದು ಬೇರ್ ಸ್ಪ್ರೇಯನ್ನು, ಅಂದರೆ ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇಯನ್ನು. ಯಾಕೆ ಅಂತ ಹೇಳುತ್ತೇನೆ.

ಆರು ವರ್ಷದ ಹಿಂದೆ ಸೆಪ್ಟೆಂಬರ್‌ನಲ್ಲಿ ಗ್ಯಾಲಟಿನ್ ಬೆಟ್ಟಗಳಲ್ಲಿ ಹಕಲ್‌ಬೆರಿ ಪೊದೆಗಳ ನಡುವೆ ಇಳಿದು ಬರುತ್ತಿದ್ದೆವು. ಹಳ್ಳದ ಸದ್ದು ಜೋರಾಗಿತ್ತು, ಗಾಳಿ ಎದುರಿನಿಂದ ಬೀಸುತ್ತಿತ್ತು, ಮಾತಾಡದೆ ನಡೆದದ್ದು ನಮ್ಮದೇ ತಪ್ಪು. ತಿರುವಿನಲ್ಲಿ ತಾಯಿ ಗ್ರಿಜ್ಲಿ, ಹಿಂದೆ ಮರಿ. ಅದು ಕಿವಿ ಹಿಂದಕ್ಕೆ ಮಡಚಿ ನೇರ ನುಗ್ಗಿತು. ನನ್ನ ಎಡಗೈ ಚೀಲದ ಪಟ್ಟಿಯ ಡಬ್ಬಿಗೆ ಹೋಯಿತು. ಗನ್ನೂ ಎದೆಯ ಮೇಲೇ ಇತ್ತು, ಆದರೆ ತಲೆ ಅಲುಗಾಡಿಸುತ್ತ ತಗ್ಗಾಗಿ ಓಡಿಬರುವ ಪ್ರಾಣಿಗೆ ಗುರಿ ಹಿಡಿಯುವುದು ಅಂದರೆ ಏನು ಅಂತ ಆ ಕ್ಷಣದಲ್ಲಿ ಗೊತ್ತಾಯಿತು. ಸ್ಪ್ರೇಗೆ ಗುರಿ ಬೇಡ, ಎದುರಿಗೆ ಸ್ವಲ್ಪ ಕೆಳಮುಖವಾಗಿ ಒತ್ತಿದರೆ ಕಿತ್ತಳೆ ಬಣ್ಣದ ಮೋಡವೇ ಗೋಡೆಯಾಗಿ ನಿಲ್ಲುತ್ತದೆ. ಏಳೆಂಟು ಮೀಟರ್ ಇರುವಾಗ ಕರಡಿ ಆ ಮೋಡಕ್ಕೆ ಮುಖ ಕೊಟ್ಟು ಹೊರಳಿಕೊಂಡು ಓಡಿತು. ಗಾಳಿ ಎದುರಿನದಾದ್ದರಿಂದ ನಮಗೂ ಬಂತು, ಅರ್ಧ ಗಂಟೆ ಕೆಮ್ಮಿದೆವು, ಕಣ್ಣು ಉರಿಯಿತು. ಮರಿಯೂ ತಾಯಿಯೂ ಬದುಕಿದವು. ನಾವೂ ಬದುಕಿದೆವು. ನನಗೆ ಅದು ದೊಡ್ಡ ವಿಷಯ.

ಇದು ನನ್ನೊಬ್ಬನ ಕಥೆಯಲ್ಲ. 2008ರಲ್ಲಿ ಟಾಮ್ ಸ್ಮಿತ್, ಸ್ಟೀಫನ್ ಹೆರೆರೋ ಮತ್ತು ಜೊತೆಗಾರರು ಅಲಾಸ್ಕದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ 83 ಪ್ರಕರಣ ನೋಡಿದರು. ಕಂದು ಕರಡಿಯ ವಿಷಯದಲ್ಲಿ ನೂರಕ್ಕೆ 92 ಸಲ ಕೆಲಸ ಮಾಡಿದೆ. ಹತ್ತಿರದಿಂದ ಎದುರಾದವರಲ್ಲಿ ನೂರಕ್ಕೆ 98 ಜನಕ್ಕೆ ಗಾಯವೇ ಆಗಲಿಲ್ಲ. ಅದೇ ತಂಡ 2012ರಲ್ಲಿ ಬಂದೂಕಿನ 269 ಪ್ರಕರಣ ನೋಡಿತು. ಹ್ಯಾಂಡ್‌ಗನ್ ನೂರಕ್ಕೆ 84 ಸಲ ಕರಡಿಯನ್ನು ತಡೆದಿದೆ, ಅದು ಕಡಿಮೆಯೇನಲ್ಲ. ಆದರೆ ಗನ್ ಇದ್ದು ಬಳಸಿದವರಿಗೂ ಇದ್ದೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ಇದು ಗೆದ್ದಿತು, ಅದು ಸೋತಿತು ಅನ್ನುವುದು ಸರಿಯಲ್ಲ, ಪ್ರಕರಣಗಳ ಸ್ವರೂಪ ಬೇರೆ ಬೇರೆ. ಆದರೂ ಮೊದಲ ಸಲ ಗನ್ ಹಿಡಿಯುವವರಿಗೆ ಯಾವುದು ಮೇಲು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಸ್ಪ್ರೇ ಕೊಳ್ಳುವಾಗ ಇಪಿಎ (ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ) ನೋಂದಣಿ ಸಂಖ್ಯೆ ನೋಡಿ, ಕನಿಷ್ಠ 7.9 ಔನ್ಸ್ ತುಂಬಿದ ಡಬ್ಬಿಯೇ ಇರಲಿ. ಪೇಟೆಯ ಪೆಪ್ಪರ್ ಸ್ಪ್ರೇ ಬೇರೆ, ಇದು ಬೇರೆ. ತಯಾರಾಗಿ ನಾಲ್ಕು ವರ್ಷವಾದರೆ ಒತ್ತಡ ಇಳಿಯುತ್ತದೆ, ದಿನಾಂಕ ನೋಡಿಕೊಳ್ಳಿ. ಅಭ್ಯಾಸಕ್ಕೆ ಖಾರವಿಲ್ಲದ ಡಬ್ಬಿ ಸಿಗುತ್ತದೆ, ಮೂವರೂ ಒಂದೊಂದು ಸಲ ಒತ್ತಿ ನೋಡಿ. ಟೆಂಟಿಗೆ, ಚೀಲಕ್ಕೆ ಮೊದಲೇ ಹೊಡೆದಿಡುವವರಿದ್ದಾರೆ, ದಯವಿಟ್ಟು ಬೇಡ. ಒಣಗಿದ ಮೇಲೆ ಆ ವಾಸನೆ ಕರಡಿಯನ್ನು ಹತ್ತಿರ ಕರೆಯುತ್ತದೆ.


ಆಸ್ಟಿನ್‌ನಿಂದ

ಬೇರೆಯವರು ಹೇಳದೆ ಬಿಟ್ಟಾರು ಅಂತ ಒಂದೇ ವಿಷಯ. ನಿಮ್ಮ ಭಾವಮೈದ ಎಚ್-1ಬಿ (ಕೆಲಸದ) ಅಥವಾ ಎಫ್-1 (ಓದಿನ) ವೀಸಾದಲ್ಲಿ ಇದ್ದರೆ, ಫೆಡರಲ್ ಕಾನೂನಿನ ಪ್ರಕಾರ ಅವರು ಗನ್ ಆಗಲಿ, ಒಂದು ಗುಂಡಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೊಳ್ಳುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ತಪ್ಪು. "ಸ್ವಲ್ಪ ಹಿಡ್ಕೋ, ನಾನು ನೀರು ತುಂಬಿಸಿ ಬರ್ತೀನಿ" ಅಂತ ನೀವು ಕೊಟ್ಟರೂ ಕಷ್ಟ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದರೆ ನಾನು ಎಚ್-1ಬಿಯಲ್ಲಿದ್ದಾಗ ಶೂಟಿಂಗ್ ರೇಂಜ್ ಒಂದರಲ್ಲಿ "ಏನೂ ಆಗಲ್ಲ, ಬನ್ನಿ" ಅಂತ ಕೈಗೆ ಗನ್ ಕೊಟ್ಟಿದ್ದರು, ಬೇಟೆ ಲೈಸೆನ್ಸ್ ಇದೆಯಾ ಅಂತ ಕೇಳಲೇ ಇಲ್ಲ. ವಕೀಲರ ಹತ್ತಿರ ಆಮೇಲೆ ಮಾತಾಡಿದಾಗ ಮೈ ನಡುಗಿತು. ಅಂಗಡಿಯವರ ಮಾತು ನಂಬಬೇಡಿ.

ನಿಮಗೂ ಒಂದು ಮಾತು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು, ನಿಜ. ಆದರೆ ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ನಾವು ಗಡಿಪಾರಿಗೆ ಒಳಗಾಗುತ್ತೇವೆ, ನಾಗರಿಕರಿಗೆ ಆ ಭಯವಿಲ್ಲ. ಕೊಳ್ಳುವಾಗ ತುಂಬುವ 4473 ಫಾರಂನಲ್ಲಿ ಗಾಂಜಾ ಬಗ್ಗೆಯೂ ಪ್ರಶ್ನೆ ಇದೆ. ಕೊಲೊರಾಡೊದಲ್ಲಿ ಅಂಗಡಿಯಲ್ಲೇ ಸಿಗುತ್ತದೆ ಅಂತ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು, ಫೆಡರಲ್ ಕಾನೂನಿಗೆ ಅದು ಲೆಕ್ಕಕ್ಕಿಲ್ಲ.


ಆಂಕರೇಜ್, ಅಲಾಸ್ಕದಿಂದ

ನಮಸ್ಕಾರ್ರೀ. ನಾ ಧಾರವಾಡದಾಂವ, ಇಲ್ಲೆ ಒಂಬತ್ತು ವರ್ಷ ಆತು. ಹಗುರ ಬೇಕು, ತಾಕತ್ತೂ ಬೇಕು ಅಂತ ನಾ ಸ್ಮಿತ್ ಆ್ಯಂಡ್ ವೆಸನ್ 329 ಪಿಡಿ ತಗೊಂಡಿದ್ದೆ. .44 ಮ್ಯಾಗ್ನಮ್, ಆರು ಗುಂಡು, ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಫ್ರೇಮ್, ಟೈಟೇನಿಯಂ ಸಿಲಿಂಡರ್. ಖಾಲಿ ಇದ್ದಾಗ ಏಳುನೂರು ಗ್ರಾಂ ಚಿಲ್ಲರೆ. ಕಾಗದದ ಮ್ಯಾಲೆ ಇದಕ್ಕಿಂತ ಚಲೋದು ಯಾವುದೂ ಕಾಣಂಗಿಲ್ಲ.

ರೇಂಜಿಗೆ ಒಯ್ದು ಪೂರ್ತಿ ತಾಕತ್ತಿನ ಗುಂಡು ಹಾಕಿ ಹೊಡದೆ. ಮೊದಲನೇದಕ್ಕ ಅಂಗೈ ಜುಮ್ ಅಂತು. ಮೂರನೇದಕ್ಕ ಹೆಬ್ಬೆರಳ ಬುಡದಾಗ ಚರ್ಮ ಸುಲೀತು. ನಾಲ್ಕನೇದು ಹೊಡೀಬೇಕಂದ್ರ ಕೈ ತಾನಾಗೇ ಅಂಜತಿತ್ತು, ಟ್ರಿಗರ್ ಎಳಿಯೂದಕ್ಕ ಮೊದಲೇ ಮೂತಿ ಕೆಳಗ ಹೋಗತಿತ್ತು. ಆ ಅಂಜಿಕಿ ಒಮ್ಮೆ ಕೈಯಾಗ ಕುಂತ್ರ ಬಿಡಸೂದು ಭಾಳ ಕಷ್ಟರೀ. ಗನ್ ಎಷ್ಟು ಹಗುರೋ ಒದಿಯೂದು ಅಷ್ಟು ಜೋರು, ಇದು ಲೆಕ್ಕ. ಇನ್ನೊಂದು ಮಾತು ಬಾಳ ಮಂದಿಗೆ ಗೊತ್ತಿರಂಗಿಲ್ಲ. ಇಂಥ ಹಗುರ ರಿವಾಲ್ವರಿನಾಗ ಒಂದು ಗುಂಡು ಹೊಡದ ಧಕ್ಕಾಕ್ಕ ಉಳಿದ ತೋಟಾದಾಗಿನ ಸೀಸ ಮುಂದ ಸರಕೊಂಡು ಬರತದ. ಅದು ಸಿಲಿಂಡರ್ ದಾಟಿ ಹೊರಗ ಚಾಚಿತಂದ್ರ ಸಿಲಿಂಡರ್ ತಿರಗಂಗೇ ಇಲ್ಲ. ನನಗ ರೇಂಜಿನಾಗ ಆತು, ಕಾಡಿನಾಗ ಆಗಿದ್ರ? ಅದಕ್ಕ ಬಿಗಿಯಾಗಿ ಕ್ರಿಂಪ್ ಮಾಡಿದ, ಅಂದ್ರ ಸೀಸ ಸರೀದಂಗ ಬಾಯಿ ಒತ್ತಿದ ತೋಟಾನೇ ತಗೋಬೇಕು. ದಪ್ಪ ರಬ್ಬರ್ ಹಿಡಿ ಹಾಕಿಸಿದ ಮ್ಯಾಲೆ ಈಗ ತಡಕೋತೀನಿ. ತಿಂಗಳಿಗೆ ಒಮ್ಮೆ ಹೊಡೀತೀನಿ, ಆರೇ ಗುಂಡು.

2016ರಾಗ ಇಲ್ಲಿ ಒಬ್ಬ ಗೈಡ್ 9 ಎಂಎಂ ಪಿಸ್ತೂಲಿನಿಂದನ ಮೈಮ್ಯಾಲೆ ಬಂದ ಕರಡಿನ್ನ ಹೊಡದ, ಅದೂ ಹಾರ್ಡ್‌ಕಾಸ್ಟ್ ಗುಂಡು ಹಾಕಿ. ಅದನ್ನ ಕೇಳಿ ಭಾಳ ಮಂದಿ 9 ಎಂಎಂ ಸಾಕು ಅಂತಾರ. ಆ ಮನಿಷ್ಯಾ ಹತ್ತಾರು ವರ್ಷ ಕರಡಿ ನಡುವನ ಜೀವನ ಮಾಡಿದಾಂವ, ಅದನ್ನ ಮರೀಬ್ಯಾಡ್ರಿ.

ಮತ್ತ, ಹೊಡದ ಮ್ಯಾಲಿನ ಕೆಲಸಾನೂ ಇರತದ. ಅಲಾಸ್ಕದಾಗ ಜೀವ ಉಳಿಸಿಕೊಳ್ಳಾಕ ಕರಡಿ ಕೊಂದ್ರ ಅದರ ಚರ್ಮ ಉಗುರು ಸಮೇತ ಸುಲಿದು, ತಲಿಬುರುಡಿ ಜೋಡಿ ಸರ್ಕಾರಕ್ಕ ಒಪ್ಪಿಸಬೇಕು. ನಿಮ್ಮ ಕಡೆ ಗ್ರಿಜ್ಲಿ 1975ರಿಂದ ರಕ್ಷಿತ ಪ್ರಾಣಿ, ಜೀವಕ್ಕ ಬಂದಾಗ ಬಿಟ್ರ ಬ್ಯಾರೆ ಕಾರಣ ನಡೆಯಂಗಿಲ್ಲ, ಅಧಿಕಾರಿಗಳಿಗೆ ತಿಳಸಬೇಕು. ಮತ್ತ ವಿಮಾನದಾಗ ಬರೋರಿದ್ರ ಸ್ಪ್ರೇ ಯಾವ ಬ್ಯಾಗಿನಾಗೂ ನಡೆಯಂಗಿಲ್ಲ, ಇಳದ ಊರಾಗ ಕೊಳ್ರಿ.


ಸಿಯಾಟಲ್ ಕಡೆಯಿಂದ

ನಾನು ಹೆಚ್ಚಾಗಿ ಒಬ್ಬಳೇ ಹೋಗುವವಳು. ಇಲ್ಲಿ ಎಲ್ಲರೂ ಕರಡಿಯ ಬಗ್ಗೆ ಬರೆದಿದ್ದೀರಿ. ನನಗೆ ಭಯ ಇದ್ದದ್ದು ಎರಡು ಕಾಲಿನದ್ದರ ಬಗ್ಗೆ, ಅದರಲ್ಲೂ ಕಾರು ನಿಲ್ಲಿಸುವ ಜಾಗದಲ್ಲಿ. ಹಾಗಾಗಿ ಸಿಗ್ ಪಿ365 ತೆಗೆದುಕೊಂಡೆ, 9 ಎಂಎಂ, ಹತ್ತು ಗುಂಡಿನ ಮ್ಯಾಗಜಿನ್, ಖಾಲಿ ತೂಕ ಅರ್ಧ ಕೆ.ಜಿ. ನಿಮ್ಮ ತೂಕದ ಲೆಕ್ಕಕ್ಕೆ ಹೊಂದುವ ಗನ್ ಯಾವುದಾದರೂ ಇದ್ದರೆ ನನ್ನ ದೃಷ್ಟಿಯಲ್ಲಿ ಅದು ಇದೇ. ಎಲ್‌ಸಿಆರ್‌ಗಿಂತ ಕಲಿಯಲು ಬಹಳ ಸುಲಭ. ಹದಿನಾರು ಗಂಟೆ ತರಗತಿ ತೆಗೆದುಕೊಂಡೆ, ಒಂದು ವರ್ಷ ತಿಂಗಳಿಗೆರಡು ಸಲ ರೇಂಜಿಗೆ ಹೋದೆ.

ಎರಡು ಬೇಸಿಗೆ ಹೊತ್ತ ಮೇಲೆ ಈಗ ಅದನ್ನು ಮನೆಯ ಸೇಫ್‌ನಲ್ಲೇ ಬಿಟ್ಟು ಹೋಗುತ್ತೇನೆ. ಗನ್ ಬಗ್ಗೆ ನನಗೆ ತಕರಾರಿಲ್ಲ. ಆದರೆ ರಾತ್ರಿ ಟೆಂಟಿನಲ್ಲಿ ಸದ್ದಾದಾಗ ನನ್ನ ಮೊದಲ ಯೋಚನೆ ಗನ್ ಎಲ್ಲಿದೆ ಅನ್ನುವುದಾಗಿತ್ತು. ಆ ಸದ್ದು ಮಾಡಿದ್ದು ಒಂದು ಸಲ ಜಿಂಕೆ, ಇನ್ನೊಂದು ಸಲ ದಾರಿ ತಪ್ಪಿ ನಮ್ಮ ಟೆಂಟಿನ ಹತ್ತಿರ ಬಂದ ಹದಿನೆಂಟರ ಹುಡುಗ. ಆ ಹುಡುಗನ ಮುಖ ಇವತ್ತಿಗೂ ಕಣ್ಣೆದುರಿಗೆ ಬರುತ್ತದೆ. ನನ್ನ ಕೈ ಹೋಲ್‌ಸ್ಟರ್ ಮೇಲಿತ್ತು.

ಅದರ ಜಾಗದಲ್ಲಿ ಈಗ ಇನ್‌ರೀಚ್ ಮಿನಿ ಇದೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಿಕ್ಕ ಸಾಧನ, ನೂರು ಗ್ರಾಂ. ಕಾಲು ಉಳುಕಿದಾಗ, ಹೊಳೆ ಉಕ್ಕಿದಾಗ ಕೆಲಸಕ್ಕೆ ಬಂದದ್ದು ಅದೇ. ನ್ಯಾಷನಲ್ ಪಾರ್ಕ್‌ಗಳಲ್ಲಿ ಜನ ಸಾಯುವುದು ಮುಖ್ಯವಾಗಿ ನೀರಿನಲ್ಲಿ ಮುಳುಗಿ, ರಸ್ತೆ ಅಪಘಾತದಲ್ಲಿ, ಬಿದ್ದು. ವಿಂಡ್ ರಿವರ್‌ನಲ್ಲಿ ಮಧ್ಯಾಹ್ನದ ಸಿಡಿಲಿಗೆ ಹೆದರಿ, ಬೆಳಿಗ್ಗೆ ಬೇಗ ಪಾಸ್ (ಬೆಟ್ಟ ದಾಟುವ ಎತ್ತರದ ದಾರಿ) ದಾಟಿಬಿಡಿ.

ನಿಮ್ಮ ಹೆಂಡತಿಗೆ ಇಷ್ಟವಿಲ್ಲ ಅಂದಿರಿ. ಯಾಕೆ ಅಂತ ಕೂತು ಕೇಳಿದ್ದೀರಾ? ಒಂದೇ ಟೆಂಟಿನಲ್ಲಿ ಮಲಗುವವರು ಅವರು.


ಬೋಯ್ಸಿ, ಐಡಹೋದಿಂದ

ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಅಂದರೆ ಮನೆಯ ಒಬ್ಬ ಸದಸ್ಯನಿದ್ದ ಹಾಗೆ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ದಿನ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತೇವೆ. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಚಿಕ್ಕಂದಿನಿಂದ ಕೋವಿ ಹಿಡಿದ ಕೈ ಇದು ಅನ್ನುವ ಧೈರ್ಯದಲ್ಲಿ ನಾನು ಇಲ್ಲಿ 642 ಕೊಂಡೆ.

ಕೋವಿಗೆ ಭುಜದ ಆಸರೆ ಇದೆ, ಕೆನ್ನೆಯ ಆಸರೆ ಇದೆ, ಉದ್ದ ನಳಿಗೆ ಇದೆ. ಅಂಗೈಯಷ್ಟು ರಿವಾಲ್ವರಿಗೆ ಇವು ಯಾವುದೂ ಇಲ್ಲ. ಟ್ರಿಗರ್ ಎಳೆಯಲು ಸುಮಾರು ಹನ್ನೆರಡು ಪೌಂಡ್ ಬಲ ಬೇಕು, ಗನ್ನಿನ ತೂಕ ಒಂದು ಪೌಂಡೂ ಇಲ್ಲ. ಎಳೆಯುವಷ್ಟರಲ್ಲಿ ಮೂತಿ ಎಲ್ಲೋ ಹೋಗಿರುತ್ತದೆ. ಏಳು ಗಜ ದೂರದ ಊಟದ ತಟ್ಟೆಯಷ್ಟು ಗುರಿಗೆ ಮೊದಲ ದಿನ ಐದರಲ್ಲಿ ಎರಡು ತಾಗಿತು. ಅದೂ ನಿಂತ ಗುರಿ, ಹಗಲು ಹೊತ್ತು, ಎದೆ ಹೊಡೆದುಕೊಳ್ಳದೆ ಇದ್ದಾಗ. ಕೊಳ್ಳುವ ಮೊದಲು ಬಾಡಿಗೆಗೆ ಗನ್ ಕೊಡುವ ರೇಂಜಿಗೆ ಹೋಗಿ ಎರಡನ್ನೂ ಐವತ್ತೈವತ್ತು ಗುಂಡು ಹೊಡೆದು ನೋಡಿ. ಕಿವಿಗೆ ಪ್ಲಗ್ಗು, ಮೇಲೆ ಮಫ್, ಎರಡೂ ಹಾಕಿ.

ಇನ್ನು ಗಡಿಯ ವಿಷಯ. ವಯೋಮಿಂಗ್‌ನಲ್ಲಿ 2021ರಿಂದ ಹೊರರಾಜ್ಯದವರಿಗೂ ಪರ್ಮಿಟ್ ಬೇಕಿಲ್ಲ. ಕೊಲೊರಾಡೊದಲ್ಲಿ ಮರೆಮಾಡಿ ಇಟ್ಟುಕೊಂಡು ಓಡಾಡಲು ಪರ್ಮಿಟ್ ಬೇಕು. ಕೊಳ್ಳುವಾಗ ಮೂರು ದಿನ ಕಾಯಬೇಕು. ಕಾರಿನಲ್ಲಿ ಬಿಟ್ಟು ಹೋಗುವುದಾದರೆ ಗಟ್ಟಿ ಪೆಟ್ಟಿಗೆಗೆ ಬೀಗ ಹಾಕಿ ಕಣ್ಣಿಗೆ ಬೀಳದಂತೆ ಇಡಬೇಕು ಅಂತ 2025ರಿಂದ ನಿಯಮವಿದೆ. ವಿಂಡ್ ರಿವರ್‌ನಿಂದ ಮುಂದೆ ಗ್ರ್ಯಾಂಡ್ ಟೀಟನ್, ಯೆಲ್ಲೊಸ್ಟೋನ್ ನೋಡಿಕೊಂಡು ಬರುವುದಿದ್ದರೆ, ನ್ಯಾಷನಲ್ ಪಾರ್ಕ್ ಒಳಗೆ 2010ರಿಂದ ರಾಜ್ಯದ ಕಾನೂನಿನಂತೆ ಗನ್ ಇಟ್ಟುಕೊಳ್ಳಬಹುದು. ಹೊಡೆಯುವ ಹಾಗಿಲ್ಲ, ವಿಸಿಟರ್ ಸೆಂಟರ್‌ನಂಥ ಸರ್ಕಾರಿ ಕಟ್ಟಡದೊಳಗೆ ತೆಗೆದುಕೊಂಡು ಹೋಗುವ ಹಾಗಿಲ್ಲ. ಮುಂದೆ ಎಂದಾದರೂ ಯೊಸೆಮಿಟಿಗೆ ಹೋದರೆ ಅಲ್ಲಿ ಬೇರ್ ಸ್ಪ್ರೇ ಕೂಡ ನಿಷೇಧ. ಕೆನಡಾ ಗಡಿ ದಾಟುವುದಿದ್ದರೆ ಹ್ಯಾಂಡ್‌ಗನ್ ಮರೆತುಬಿಡಿ.

ಬೇರ್ ಕ್ಯಾನಿಸ್ಟರ್, ಅಂದರೆ ಕರಡಿಗೆ ತೆರೆಯಲಾಗದ ಊಟದ ಡಬ್ಬಿ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಕೆ.ಜಿ. ದಾಟುತ್ತದೆ ಅಂತ ಬಿಡಬೇಡಿ. ಟಿಟ್‌ಕಂಬ್ ಕಡೆ ಮರದ ಗಡಿ ದಾಟಿದ ಮೇಲೆ ಊಟದ ಚೀಲ ನೇತುಹಾಕಲು ಮರವೇ ಸಿಗುವುದಿಲ್ಲ. ಅಡಿಗೆ ಟೆಂಟಿನಿಂದ ನೂರು ಹೆಜ್ಜೆ ದೂರ, ಗಾಳಿ ಬೀಸುವ ದಿಕ್ಕಿನಲ್ಲಿ. ಟೂತ್‌ಪೇಸ್ಟ್ ಕೂಡ ಡಬ್ಬಿಯೊಳಗೆ.


ಮತ್ತೆ ಡೆನ್ವರ್‌ನಿಂದ, ಮೂರು ವಾರದ ನಂತರ

ಇಷ್ಟು ಬಿಡಿಸಿ ಹೇಳಿದ ಎಲ್ಲರಿಗೂ ಋಣಿ. ಕಳೆದ ಎರಡು ಶನಿವಾರ ರೇಂಜಿಗೆ ಹೋಗಿದ್ದೆ, ಭಾವಮೈದನನ್ನು ಬಿಟ್ಟು. ಬೋಯ್ಸಿಯವರು ಹೇಳಿದ ಹಾಗೆಯೇ ಆಯಿತು: ಎಲ್‌ಸಿಆರ್‌ನಲ್ಲಿ ಐದರಲ್ಲಿ ಒಂದು, ಪಿ365ರಲ್ಲಿ ಹತ್ತರಲ್ಲಿ ಆರು. ಗ್ಲಾಕ್ 20 ನನ್ನ ಕೈಗೆ ದೊಡ್ಡದು.

ಸಿಯಾಟಲ್ ಅಕ್ಕ ಕೇಳಿದ ಪ್ರಶ್ನೆಯನ್ನು ಹೆಂಡತಿಗೆ ಕೇಳಿದೆ. ರಾತ್ರಿ ನಾನು ನಿದ್ದೆಗಣ್ಣಲ್ಲಿ ಬೆಚ್ಚಿ ಏಳುವುದು ಅವಳಿಗೆ ಗೊತ್ತಿದೆ, ಅದೇ ಅವಳ ಭಯ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸಲಕ್ಕೆ ಗನ್ ಇಲ್ಲ. ಮೂವರ ಚೀಲದ ಪಟ್ಟಿಗೂ ಒಂದೊಂದು ಸ್ಪ್ರೇ, ಒಂದು ಇನ್‌ರೀಚ್, ಎರಡು ಕ್ಯಾನಿಸ್ಟರ್. ಖಾರವಿಲ್ಲದ ಡಬ್ಬಿ ತಂದು ವಾಷಿಂಗ್ಟನ್ ಪಾರ್ಕ್‌ನಲ್ಲಿ ಅಭ್ಯಾಸ ಮಾಡಿದೆವು. ಮೊದಲ ಸಲ ಭಾವಮೈದ ಸೇಫ್ಟಿ ಕ್ಲಿಪ್ ತೆಗೆಯುವುದನ್ನೇ ಮರೆತ, ಐದನೇ ಸಲಕ್ಕೆ ಎರಡು ಸೆಕೆಂಡಿಗೆ ಬಂತು. ಗನ್ ತರಗತಿಗೆ ಚಳಿಗಾಲದಲ್ಲಿ ಸೇರುತ್ತೇನೆ, ಹೆಂಡತಿಯೂ ಬರುತ್ತೇನೆ ಅಂದಿದ್ದಾಳೆ. ಕೊಳ್ಳುವುದೋ ಬಿಡುವುದೋ ಆಮೇಲೆ ಇಬ್ಬರೂ ಕೂತು ನೋಡುತ್ತೇವೆ.

ಬೋಜ್‌ಮನ್‌ನವರಿಗೆ ಒಂದು ಕೇಳಬೇಕಿತ್ತು: ಹಳ್ಳದ ಸದ್ದಿನಲ್ಲಿ ಮಾತು ಕೇಳಿಸದು ಅಂದಿರಲ್ಲ, ಅಂಥ ಕಡೆ ನೀವು ಏನು ಮಾಡುತ್ತೀರಿ?


ಬೋಜ್‌ಮನ್‌ನಿಂದ

ಚಪ್ಪಾಳೆ ತಟ್ಟುತ್ತ "ಹೋ" ಅಂತ ಕೂಗುತ್ತೇವೆ, ಪ್ರತಿ ತಿರುವಿಗೂ ಮೊದಲು. ಚೀಲಕ್ಕೆ ಕಟ್ಟುವ ಗಂಟೆ ಸಾಲದು, ಅದರ ಸದ್ದು ದೂರ ಹೋಗುವುದಿಲ್ಲ. ಮೂವರೂ ಒಟ್ಟಿಗೇ ನಡೆಯಿರಿ, ಮುಂದೆ ಹೋದವರು ಪೊದೆ ಬಂದಲ್ಲಿ ಉಳಿದವರಿಗಾಗಿ ನಿಲ್ಲಲಿ.